ಕ್ರೇನಕ್ಕ ಕೆಳಗಿಳಿದ ದಿನ

ಎಂಬತ್ತು ಮೀಟರ್ ಎತ್ತರದ ಕ್ರೇನಿನ ಗಾಜಿನ ಕೋಣೆಯಲ್ಲಿ ಕೂತು, ಕಬ್ಬಿಣದ ಕಂಬಿಗಳನ್ನು ಹೂವಿನಂತೆ ಇಳಿಸುತ್ತಿದ್ದ ಹೆಂಗಸಿಗೆ ಕಟ್ಟಡದ ಕೆಲಸದವರೆಲ್ಲ ಇಟ್ಟ ಹೆಸರು ಕ್ರೇನಕ್ಕ. ಹನ್ನೊಂದು ವರ್ಷದಿಂದ ಆಕೆಯದು ಒಂದೇ ನೇಮ: ಬೆಳಗ್ಗೆ ಏಣಿ ಹತ್ತಿದರೆ ಇಳಿಯುವುದು ಮಧ್ಯಾಹ್ನದ ಊಟಕ್ಕೇ. ನಡುವೆ ಇಳಿದು ಹತ್ತಲು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಕೆಳಗೆ ಮೂವತ್ತು ಜನ ಕೈಕಟ್ಟಿ ನಿಲ್ಲಬೇಕು. ಹಾಗಾಗಿ ನೀರು ಮುಟ್ಟುತ್ತಿರಲಿಲ್ಲ, ಕಕ್ಕಸಿಗೆ ಬಂದರೂ ತಡೆದುಕೊಳ್ಳುತ್ತಿದ್ದಳು. ತಡೆದು ತಡೆದು ಕೊನೆಗೆ ಬರುವುದೇ ಅಪರೂಪವಾಯಿತು. ವಾರಕ್ಕೆರಡು ಸಲ, ಅದೂ ಜೀವ ಬಾಯಿಗೆ ಬಂದ ಮೇಲೆ.

ಈಚೆಗೊಂದು ದಿನ ಹೊಟ್ಟೆ ಹಿಂಡಿ, ಕ್ರೇನಿನ ಲಿವರಿನ ಮೇಲಿದ್ದ ಕೈ ಜಾರಿ, ಕಂಬಿಯ ಕಟ್ಟು ಗಾಳಿಯಲ್ಲಿ ತೂಗಾಡಿತು. ಯಾರಿಗೂ ಏನೂ ಆಗಲಿಲ್ಲ. ಆದರೂ ಮೇಸ್ತ್ರಿ ಖಡಾಖಂಡಿತ ಹೇಳಿದ: "ಇನ್ನೊಂದ್ಸಲ ಹಿಂಗಾದ್ರೆ ನಿಮ್ಮನ್ನ ಉಗ್ರಾಣಕ್ಕೆ ಹಾಕ್ತೀನಿ ಅಕ್ಕ. ಬೇಜಾರು ಮಾಡ್ಕೋಬೇಡಿ." ಆ ಕೋಣೆ ಬಿಟ್ಟು ಕೆಳಗೆ ಮೊಳೆ ಡಬ್ಬಗಳ ಮಧ್ಯೆ ಕೂರುವುದನ್ನು ನೆನೆದರೇ ಆಕೆಗೆ ಕಣ್ಣು ತುಂಬುತ್ತಿತ್ತು.

ಮನೆಯಲ್ಲಿ ಮಗಳು, ಅವಳ ಸೊಂಟದ ಮೇಲೆ ನಾಲ್ಕು ತಿಂಗಳ ಕೂಸು. "ಅಮ್ಮಾ, ಇವನು ದಿನಕ್ಕೆ ಮೂರು ಸಲ ಹೋಗ್ತಾನೆ, ನೀನು ವಾರಕ್ಕೆ ಎರಡು! ಯೋಚ್ನೆ ಮಾಡಿ ಮಾಡಿ ನಂಗೆ ನಿದ್ದೇನೇ ಬರಲ್ಲ."

"ನಿನ್ನ ನಿದ್ದೆ ಕೆಡಿಸೋನು ಅವನು ಕಣೇ, ನನ್ನ ಮೇಲ್ಯಾಕೆ ಹಾಕ್ತೀಯ?"

ಮಗಳು ಬಿಡದೆ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಹೊಟ್ಟೆ ಒತ್ತಿ, ರಕ್ತ ಹೋಗುತ್ತಾ, ತೂಕ ಇಳಿದಿದೆಯಾ ಎಂದು ಕೇಳಿ, ಪರೀಕ್ಷೆ ಮಾಡಿಸಿ, ಭಯಪಡುವಂಥದ್ದೇನೂ ಇಲ್ಲವೆಂದರು. "ಇದು ಸಿನ್‌ಬಯೋಟಿಕ್ ಪುಡಿ. ಕರುಳಿಗೆ ಒಳ್ಳೇದು ಮಾಡೋ ಜೀವಂತ ಬ್ಯಾಕ್ಟೀರಿಯಾನೂ ಇದೆ, ಅವು ತಿನ್ನೋ ನಾರಿನಂಶಾನೂ ಇದೆ. ಬುತ್ತಿ ಕಟ್ಕೊಂಡೇ ಕೆಲಸಕ್ಕೆ ಬರೋರು ಅಂದ್ಕೊಳ್ಳಿ. ಎಲ್ಲರಿಗೂ ಹಿಡಿಸುತ್ತೆ ಅನ್ನಲ್ಲ, ಒಂದು ತಿಂಗಳು ನೋಡೋಣ. ಆದ್ರೆ ನೀರು ಕುಡೀಬೇಕು, ಬಂದಾಗ ತಡ್ಕೋಬಾರದು."

ಎರಡು ವಾರ ಕಳೆದರೂ ಹೊಟ್ಟೆ ಉಬ್ಬರಿಸಿದ್ದು ಬಿಟ್ಟರೆ ಏನೂ ಇಲ್ಲ. ಒಂದು ಬೆಳಗ್ಗೆ ಕ್ರೇನಕ್ಕ ಹಬೆಯಾಡುವ ಟೀ ಫ್ಲಾಸ್ಕಿಗೆ ಪುಡಿ ಸುರಿಯುತ್ತಿದ್ದುದು ಮಗಳ ಕಣ್ಣಿಗೆ ಬಿತ್ತು.

"ಅಯ್ಯೋ, ದಿನಾ ಹಿಂಗೇನಾ?"

"ನೀರಲ್ಲಿ ಸಪ್ಪೆ ಕಣೇ."

"ಬಿಸಿಗೆ ಹಾಕ್ಬೇಡಿ ಅಂತ ಪೊಟ್ಟಣದ ಮೇಲೇ ಬರೆದಿದೆ! ಜೀವ ಇರೋದನ್ನೆಲ್ಲ ಬೇಯಿಸಿಬಿಟ್ಟಿದೀಯ!"

"ಪಾಪ, ಬುತ್ತಿ ಸಮೇತ," ಎಂದು ಕ್ರೇನಕ್ಕ ನಾಲಗೆ ಕಚ್ಚಿಕೊಂಡಳು.

ಅಂದಿನಿಂದ ತಣ್ಣೀರಿಗೇ ಪುಡಿ. ಮೇಲೆ ಕೂತು ಗುಟುಕು ಗುಟುಕಾಗಿ ನೀರನ್ನೂ ಕುಡಿದಳು. ಹನ್ನೆರಡನೆಯ ದಿನ, ಹತ್ತೂ ಮುಕ್ಕಾಲಿಗೆ, ಕೊಕ್ಕೆಯಲ್ಲಿ ಕಂಬಿ ನೇತಾಡುತ್ತಿರುವಾಗಲೇ, ನೋವಿಲ್ಲದೆ ತಾನಾಗಿಯೇ ಅವಸರವಾಯಿತು. ಆಕೆಗೆ ಖುಷಿಗಿಂತ ಮೊದಲು ಹೆದರಿಕೆ. ಕೆಲಸ ನಿಲ್ಲಿಸಿದರೆ ಉಗ್ರಾಣ. ಊಟದವರೆಗೆ ತಡೆದರೆ ಮತ್ತೆ ಹಳೆಯ ಪಾಡು. ಕಂಬಿಯನ್ನು ಮೆಲ್ಲಗೆ ನೆಲಕ್ಕಿಟ್ಟು ವಾಕಿಟಾಕಿ ಒತ್ತಿದಳು.

"ಮೇಸ್ತ್ರಿಗಳೇ, ನಾನು ಇಳೀತಿದೀನಿ."

"ಯಾಕಕ್ಕ? ಮತ್ತೆ ಹೊಟ್ಟೆನೋವಾ?"

"ಇಲ್ಲ, ಕಕ್ಕಸಿಗೆ."

ಕೆಳಗೆ ಯಾರೋ ಸಿಳ್ಳೆ ಹಾಕಿದರು. "ಅಕ್ಕಂಗೆ ದಾರಿ ಬಿಡ್ರೋ!"

ಆಕೆ ಮರಳಿದಾಗ ಮೇಸ್ತ್ರಿ ಏಣಿಯ ಬುಡದಲ್ಲಿ ಕಾಯುತ್ತಿದ್ದ. "ಹನ್ನೊಂದು ವರ್ಷ ಬಾಯಿ ಬಿಟ್ಟು ಹೇಳೋಕೇನಾಗಿತ್ತು ಅಕ್ಕ? ನಾಳೆಯಿಂದ ಹತ್ತೂವರೆಗೆ ಎಲ್ಲರನ್ನೂ ಟೀಗೆ ಬಿಡ್ತೀನಿ, ನೀವು ಆಗ ಇಳೀರಿ. ನೀವು ಮೇಲೆ ನರಳ್ತಾ ಕೂತ್ರೆ ಕೆಳಗೆ ನಮಗೆ ನಡುಕ."

ಮಾರನೆಯ ದಿನ ಇಳಿದಳು, ಆಗಲಿಲ್ಲ. ಅದರ ಮಾರನೆಯ ದಿನ ಆಯಿತು. ಆ ವಾರ ಒಟ್ಟು ನಾಲ್ಕು ಸಲ. ಪುಡಿಯಿಂದಲೋ, ನೀರಿನಿಂದಲೋ, ಇಳಿದದ್ದರಿಂದಲೋ ಎಂದು ಡಾಕ್ಟರಮ್ಮನಿಗೂ ಖಚಿತವಿಲ್ಲ. ಮೂರನ್ನೂ ಮುಂದುವರಿಸಿ ಎಂದರು.

ಶನಿವಾರ ಇಪ್ಪತ್ತನೆಯ ಮಹಡಿಗೆ ಆಳೆತ್ತರದ ಗಾಜುಗಳನ್ನು ಏರಿಸಬೇಕಿತ್ತು. ಮೇಸ್ತ್ರಿ ಕ್ರೇನಕ್ಕನ ಬದಲು ಬೇರೆ ಯಾರನ್ನೂ ಕರೆಯಲಿಲ್ಲ.