ಚಿಕ್ಕಮ್ಮನ ಹೆಬ್ಬೆಟ್ಟು

ಆ ಸೋಮವಾರಗಳು ಮೂರೋ ನಾಲ್ಕೋ, ಈಗ ಖಚಿತವಾಗಿ ಹೇಳಲಾರೆ. ಡೈರಿಯಲ್ಲಿ ಎರಡೇ ಇವೆ. ಉಳಿದವನ್ನು ಕೋಪ ಸೇರಿಸಿಕೊಂಡಿರಬಹುದು. ಚಿಕ್ಕಮ್ಮ ಆಡಿದ ಮಾತು ಮಾತ್ರ ಬದಲಾಗಿಲ್ಲ ಎಂದುಕೊಂಡಿದ್ದೇನೆ.

ಅಪ್ಪ ಹೊಳವನಹಳ್ಳಿ ಬಸ್ ಸ್ಟಾಪಿನ ಎದುರು ಬಟ್ಟೆ ಹೊಲಿಯುತ್ತಿದ್ದ. ಎಂಟನೇ ತರಗತಿಗೆ ನನ್ನನ್ನು ಮಧುಗಿರಿಗೆ, ಅಮ್ಮನ ತಂಗಿಯ ಮನೆಗೆ ಬಿಟ್ಟುಬಂದ. ಚಿಕ್ಕಮ್ಮ ಸರ್ಕಾರಿ ಹೈಸ್ಕೂಲಿನಲ್ಲಿ ಟೀಚರ್. ವಿಳಾಸಕ್ಕೊಂದು ದಾಖಲೆ ಇರಲಿ ಎಂದು ನನ್ನ ಹೆಸರನ್ನು ತನ್ನ ರೇಷನ್ ಕಾರ್ಡಿಗೆ ಸೇರಿಸಿದಳು. ಓದಲು ಬಂದ ಅಕ್ಕನ ಮಕ್ಕಳಿಗೆ ಹೀಗೆ ಮಾಡುವುದು ನಮ್ಮಲ್ಲಿ ವಾಡಿಕೆ. ಆ ದಿನ ಪಾಯಸ ಮಾಡಿದ್ದಳು. ಓದು ಮುಗಿದ ಮೇಲೆ ಹೆಸರು ತೆಗೆಸಬೇಕೆಂಬುದು ಯಾರಿಗೂ ಹೊಳೆಯುವುದಿಲ್ಲ.

ಪಿಎಚ್‌ಡಿಗೆ ಸೇರಿದಾಗ ಸರ್ಕಾರದ ಫೆಲೋಶಿಪ್ಪಿಗೆ ಅರ್ಜಿ ಹಾಕಿದೆ. ಮೇಷ್ಟ್ರುಗಳ ಬದಲು ಎಂ.ಎ. ಮಕ್ಕಳಿಗೆ ಪಾಠ ಮಾಡುತ್ತಿದ್ದವರು, ಉತ್ತರಪತ್ರಿಕೆ ತಿದ್ದುತ್ತಿದ್ದವರು ಪಿಎಚ್‌ಡಿಯ ನಾವೇ. ಫೆಲೋಶಿಪ್ ಬಂದರೆ ನಮ್ಮ ಶುಲ್ಕವನ್ನು ಸರ್ಕಾರ ಕಟ್ಟುತ್ತಿತ್ತು. ಜೊತೆಗೆ ಚಿಕಿತ್ಸೆಗೊಂದು ಆರೋಗ್ಯ ಕಾರ್ಡು. ನನ್ನ ಕಣ್ಣು ಆ ಕಾರ್ಡಿನ ಮೇಲಿತ್ತು. ಎಡಗಿವಿ ಸೋರುತ್ತಿತ್ತು. ತುಮಕೂರಿನ ಡಾಕ್ಟರು ಬೇಗ ಆಪರೇಷನ್ ಆಗಬೇಕು ಅಂದಿದ್ದರು.

ಅರ್ಜಿ ವಾಪಸು ಬಂತು. ಕುಟುಂಬದ ಆದಾಯ ಮಿತಿ ಮೀರಿದೆಯಂತೆ. ರೇಷನ್ ಕಾರ್ಡಿನ ಪ್ರಕಾರ ನನ್ನ ಕುಟುಂಬವೆಂದರೆ ಚಿಕ್ಕಮ್ಮ, ನನ್ನ ಆದಾಯವೆಂದರೆ ಅವಳ ಸಂಬಳ. ಹೆಸರು ತೆಗೆಸಿ ಅಪ್ಪನ ಕಾರ್ಡಿಗೆ ಹಾಕಿಸಿಕೊಳ್ಳಲು ಒಂದು ತಿಂಗಳ ಗಡುವು ಕೊಟ್ಟರು. ಕಾರ್ಡಿನ ಯಜಮಾನಿ ಮಧುಗಿರಿಯ ತಾಲ್ಲೂಕು ಕಚೇರಿಯ ಕೌಂಟರಿಗೆ ಬಂದು ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ ಸಾಕಿತ್ತು.

"ಸೋಮ್ವಾರ ಬಂದ್ಬುಡ್ತೀನಿ ಕಣೆ," ಅಂದಳು ಚಿಕ್ಕಮ್ಮ. "ನೀನು ಮುಂಚೆ ಹೋಗಿ ನಿಂತಿರು."

ನಿಂತಿದ್ದೆ. ಮೊದಲ ಸಲ ಸ್ಕೂಲಿನಲ್ಲಿ ಇನ್‌ಸ್ಪೆಕ್ಷನ್ ಅಂದಳು. ಎರಡನೇ ಸಲ ಸೊಂಟ ಹಿಡಿದುಕೊಂಡಿದೆ ಅಂದಳು. ಅದೇ ಸಂಜೆ ಅವಳು ತರಕಾರಿ ಚೀಲ ಹೊತ್ತು ಬರುವುದನ್ನು ನೋಡಿದೆ. ಅದು ಬೇರೆ ದಿನವಿದ್ದರೂ ಇರಬಹುದು.

"ಇವತ್ತೂ ಬರ್ನಿಲ್ವಾ?" ಅಂದ ಕೌಂಟರಿನವನು. "ಹೆಬ್ಬೆಟ್ಟೇನು ಬ್ಯಾಂಕ್ ಲಾಕರ್‌ನಾಗೆ ಮಡಗವ್ರಾ ನಿಮ್ ಚಿಕ್ಕಮ್ಮ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ ಎಂದು ನೆನಪು. ಈ ನೆನಪಾದರೂ ಸುಳ್ಳಾಗಿದ್ದರೆ ಚೆನ್ನಾಗಿತ್ತು.

ಗಡುವು ಮುಗಿಯಿತು. ಫೆಲೋಶಿಪ್ಪಿಗೆ ಮೊದಲ ವರ್ಷದವರಷ್ಟೇ ಅರ್ಜಿ ಹಾಕಬಹುದಿತ್ತು. ಪಾವಗಡದ ಖಾಸಗಿ ಕಾಲೇಜೊಂದರಲ್ಲಿ ಪಾಠ ಮಾಡಿ ಶುಲ್ಕ ಹೊಂದಿಸಿದೆ. ಆಪರೇಷನ್ ಎರಡು ವರ್ಷ ತಡವಾಯಿತು, ಎಡಗಿವಿ ಹೋಯಿತು. ಬೇಗ ಮಾಡಿಸಿದ್ದರೂ ಉಳಿಯುತ್ತಿತ್ತೋ ಇಲ್ಲವೋ ಎಂದು ಒಬ್ಬ ಡಾಕ್ಟರು ಅಂದರು. ಆ ಮಾತನ್ನು ನಾನು ಡೈರಿಯಲ್ಲಿ ಬರೆದುಕೊಳ್ಳಲಿಲ್ಲ.

ಈಗ ಶಿರಾದ ಸರ್ಕಾರಿ ಕಾಲೇಜಿನಲ್ಲಿದ್ದೇನೆ. ಹೋದ ತಿಂಗಳು ಚಿಕ್ಕಮ್ಮನ ಫೋನು ಬಂತು. ಅವಳ ಮಗಳಿಗೆ ಅದೇ ಫೆಲೋಶಿಪ್ ಸಿಕ್ಕಿದೆ. ನಡುವೆ ಓದು ಬಿಟ್ಟರೆ ಹೊಣೆ ಹೊರುತ್ತೇನೆಂದು ಕೆಲಸದಲ್ಲಿರುವ ಸರ್ಕಾರಿ ನೌಕರರೊಬ್ಬರು ನೋಟರಿಯ ಮುಂದೆ ಬಾಂಡಿಗೆ ಸಹಿ ಹಾಕಬೇಕು. ಚಿಕ್ಕಮ್ಮನಿಗೆ ನಿವೃತ್ತಿಯಾಗಿದೆ; ಪಿಂಚಣಿ ಆದಾಯ ಮಿತಿಯೊಳಗಿದೆ, ಆದರೆ ಅವಳ ಸಹಿ ನಡೆಯುವುದಿಲ್ಲ.

"ನಮ್ಮೋರಲ್ಲಿ ಸರ್ಕಾರಿ ಕೆಲಸ್ದಾಗಿರೋಳು ನೀನೊಬ್ಳೇ ಕಣಮ್ಮ. ಮಧುಗಿರಿ ಕೋರ್ಟ್ ತಾವ ಬಂದು ಒಂದು ಸೈನ್ ಹಾಕ್ಬುಡು."

"ಸೋಮವಾರ ಬಂದ್ಬುಡ್ತೀನಿ ಚಿಕ್ಕಮ್ಮ," ಅಂದೆ. "ನೀನು ಮುಂಚೆ ಹೋಗಿ ನಿಂತಿರು."

ಆ ಸೋಮವಾರ ಸ್ಟಾಫ್ ರೂಮಿನಲ್ಲಿ ಕೂತು ಹುರಿದ ಕಡಲೆಕಾಯಿ ಸುಲಿದು ತಿಂದೆ. ಹನ್ನೊಂದಕ್ಕೆ ಫೋನು ಬಂತು. ಎತ್ತಿ ಎಡಗಿವಿಗೆ ಇಟ್ಟುಕೊಂಡೆ. ಆ ಕಡೆ ಅವಳು ಮಾತಾಡುತ್ತಲೇ ಇದ್ದಳು, ಈ ಕಡೆ ನಾನು ಸಿಪ್ಪೆ ಒಟ್ಟುಮಾಡುತ್ತಿದ್ದೆ. ಅಷ್ಟು ನೆಮ್ಮದಿಯ ಬೆಳಗು ಎಷ್ಟೋ ವರ್ಷಗಳಿಂದ ಇರಲಿಲ್ಲ.

ಮುಂದಿನ ಸೋಮವಾರ ನಾನೇ ಫೋನು ಮಾಡಿದೆ. "ಸೊಂಟ ಹಿಡ್ಕೊಂಡಿದೆ ಚಿಕ್ಕಮ್ಮ." ಅವಳು ಪಟ್ಟನೆ ಫೋನು ಇಟ್ಟಳು. ನೆನಪಾಗಿರಬೇಕು. ಆಗಿರಲಿ ಎಂದೇ ಹಾಗಂದದ್ದು.

ಮಗಳದೇನು ತಪ್ಪು? ನಾನು ಕ್ಯೂನಲ್ಲಿ ನಿಂತಿದ್ದಾಗ ಅವಳು ಆರನೇ ಕ್ಲಾಸು. ನಾನು ಆ ಮನೆಗೆ ಹೋದಾಗೆಲ್ಲ ನನ್ನ ಪಕ್ಕದಲ್ಲೇ ಮಲಗಿ ಮಗ್ಗಿ ಒಪ್ಪಿಸುತ್ತಿದ್ದಳು. ದಿನಾ ಈ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಕೇಳಿಕೊಂಡಷ್ಟೂ ಸೇಡಿನ ರುಚಿ ಹೆಚ್ಚುತ್ತದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ನಿನ್ನೆ ಚಿಕ್ಕಮ್ಮ ಬಸ್ಸು ಹತ್ತಿ ತಾನೇ ಶಿರಾಕ್ಕೆ ಬಂದಳು. ಬಾಂಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದಳು. "ಶುಕ್ರವಾರ ಕೊನೇ ದಿನ. ಇಲ್ಲೇ ಯಾವ್ನಾದ್ರೂ ನೋಟರಿ ತಾವ ಹಾಕ್ಕೊಟ್ಬುಡು," ಅಂದು ನನ್ನ ಎಡಕ್ಕೆ ಕೂತಳು. ನಾನು ಕುರ್ಚಿ ತಿರುಗಿಸಿ ಬಲಗಿವಿ ಕೊಟ್ಟೆ. ಪೆನ್ನಿನ ಮುಚ್ಚಳ ತೆಗೆದೆ. ಆಮೇಲೆ ಒಂದು ಮಾತು ಕೇಳಿದೆ.

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ನಾಲ್ಕು ಗಂಟೆಯ ಬಸ್ಸಿದೆ ಅಂದಳು. ಬಾಂಡನ್ನು ಮೇಜಿನ ಮೇಲೇ ಬಿಟ್ಟು ಹೋದಳು. ಅದು ನನ್ನ ಡ್ರಾಯರಿನಲ್ಲಿದೆ, ಸಹಿಯಾಗಿಲ್ಲ. ನಾಳೆ ಶುಕ್ರವಾರ. ನಾನು ಕೇಳಿದ್ದು ಇಷ್ಟೇ:

"ಅವತ್ತು ನಿಂಗೆ ಸೊಂಟ ನೋವಿರ್ಲಿಲ್ಲ. ಯಾಕೆ ಬರ್ಲಿಲ್ಲ ಚಿಕ್ಕಮ್ಮ?"