ಫ್ರೀಜರಿಗೆ ಬಿದ್ದ ತೂತು

ತಿಪಟೂರಿನಲ್ಲಿ ಮುಚ್ಚಿಹೋದ ಐಸ್‌ಕ್ಯಾಂಡಿ ಅಂಗಡಿಯೊಂದರಿಂದ ಆ ಫ್ರೀಜರ್ ತಂದಾಗಲೇ ಅದು ಸವೆದಿತ್ತು. ತಳಕ್ಕೆ ತುಕ್ಕು, ಮುಚ್ಚಳದ ರಬ್ಬರಿನಲ್ಲಿ ಬಿರುಕು. ಆದರೆ ತುರುವೇಕೆರೆಯ ನಮ್ಮ ಬೀದಿಯಲ್ಲಿ ಬೇರೆ ಯಾರ ಮನೆಯಲ್ಲೂ ಅಂಥದ್ದಿರಲಿಲ್ಲ. ನಮ್ಮ ವಂಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನೂ ನಾನೊಬ್ಬನೇ.

ಅದರಲ್ಲಿ ತಣ್ಣಗಿಡುತ್ತಿದ್ದದ್ದು ನಾನೇ ಮಾಡಿದ ಬಿಯರು. ಮೊಳಕೆ ಕಟ್ಟಿದ ರಾಗಿ, ಬೆಲ್ಲ, ಬೇಕರಿಯಿಂದ ತಂದ ಈಸ್ಟು. ಅಪ್ಪ ಒಂದು ಗುಟುಕು ಕುಡಿದು ಮೀಸೆ ಒರೆಸಿಕೊಂಡ.

“ಅಂಬ್ಲಿ ಹುಳಿ ಬರ್ಸಕ್ಕೆ ಬಿಯೆಸ್ಸಿ ಓದ್ಬೇಕಿತ್ತೇನ್ಲಾ?”

ಅಪ್ಪ ಊರವರ ಅಟ್ಟಗಳಲ್ಲಿ ಒಣಗಿದ ಕಾಯಿ ಒಡೆದು ಕೊಬ್ಬರಿ ಬಿಡಿಸುತ್ತಿದ್ದ. ಕತ್ತಿಯಲ್ಲಿ ಕರಟವನ್ನಷ್ಟೇ ಹಾರಿಸಬೇಕು. ಒಳಗಿನ ಉಂಡೆಗೆ ಗೀರು ಬಿದ್ದರೆ ಕೊಳ್ಳುವವರಿಲ್ಲ. ಅವನ ಕೈಯಲ್ಲಿ ಗೀರು ಬಿದ್ದ ಉಂಡೆಯನ್ನು ನಾನು ಕಂಡಿಲ್ಲ. ನನ್ನನ್ನು ಓದಿಸಿದ್ದು ಆ ಕತ್ತಿಯೇ.

ರಬ್ಬರು ಇನ್ನಷ್ಟು ಸವೆದು ಮುಚ್ಚಳ ಸರಿಯಾಗಿ ಕೂರದಾಯಿತು. ತೆಂಗಿನ ನಾರಿನ ಹಗ್ಗ ಬಿಗಿದೆ. ಆದರೂ ಒಳಗೆಲ್ಲ ಗೇಣುದಪ್ಪ ಐಸು. ಒಂದು ಭಾನುವಾರ ಕಚೇರಿಯ ಗೆಳೆಯರನ್ನು ಕರೆದಿದ್ದೆ. ನೋಡಿದರೆ ಬಾಟಲಿಗಳೆಲ್ಲ ಗೋಡೆಗೆ ಕಚ್ಚಿಕೊಂಡಿದ್ದವು. ಅಪ್ಪನ ಕತ್ತಿ ತಗೊಂಡೆ.

“ಸ್ವಿಚ್ ಆರ್ಸಿ ಬುಡ್ಲಾ, ತಾನೇ ಕರಗ್ತದೆ. ಅದು ಕತ್ತಿ ಹಾಕೋ ಜಾಗ ಅಲ್ಲ.”

“ನಿಂಗೆ ಇದೆಲ್ಲ ಗೊತ್ತಾಗಲ್ಲ, ಸುಮ್ನಿರಪ್ಪ.”

ಮೂರನೆಯ ಏಟಿಗೆ ಬುಸ್ಸೆಂದಿತು. ಗೋಡೆಯೊಳಗಿನ ಕೊಳವೆಗೆ ತೂತು ಬಿದ್ದು, ತಂಪು ಮಾಡುವ ಗ್ಯಾಸೆಲ್ಲ ಹೋಯಿತು.

ಅಷ್ಟರಲ್ಲಿ ಬಂದ ಗೆಳೆಯರೇ ಮೆಕ್ಯಾನಿಕ್ ಸಾಬರನ್ನು ಕರೆಸಿದರು. ಅವರು ಬಗ್ಗಿ ನೋಡಿ ನಕ್ಕರು. “ಓದಿದೋರ ಮನೇಲಿ ಯಾರ್ ಸ್ವಾಮಿ ಇದಕ್ಕೆ ಕತ್ತಿ ಹಾಕಿದ್ದು? ಇದು ರಿಪೇರಿ ಆಗಲ್ಲ, ಇನ್ನು ರಾಗಿ ತುಂಬ್ಕೊಳ್ಳಿ.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ನಮ್ಮಪ್ಪ,” ಅಂದೆ.

ಅಪ್ಪ ಕಂಬಕ್ಕೆ ಒರಗಿ ನಿಂತಿದ್ದ. “ಹೂಂ ಸಾಬ್ರೇ, ನಾನೇಯ. ಕೈ ನಡುಗ್ತು.”

ಆ ಮಾತು ಸಂತೆ ಮುಟ್ಟಿತು. ಅಪ್ಪನಿಗೆ ಕೈನಡುಕವಂತೆ ಎಂದು ಊರೆಲ್ಲ ಆಡಿಕೊಂಡಿತು. ಮುಂದಿನ ಸಲ ಕೊಬ್ಬರಿ ಬಿಡಿಸುವ ಹೊತ್ತಿಗೆ ಒಬ್ಬರೂ ಅವನನ್ನು ಕರೆಯಲಿಲ್ಲ. ಅವನು ಜಗಲಿಯಲ್ಲಿ ಕೂತು, ಕೆಲಸವಿಲ್ಲದ ಕತ್ತಿಯನ್ನು ಮಸೆಯುತ್ತಿದ್ದ. ನಾಲ್ಕು ಮನೆಗೆ ಹೋಗಿ ನಿಜ ಹೇಳಿದ್ದರೆ ಸಾಕಿತ್ತು. ನಾನು ಹೋಗಲಿಲ್ಲ.

ಯಾಕೆ ಒಪ್ಪಿಕೊಂಡೆ ಎಂದು ಒಮ್ಮೆ ಕೇಳಿದೆ. ಅವನು ಕತ್ತಿಯಿಂದ ಕಣ್ಣೆತ್ತಲಿಲ್ಲ.

“ಅವ್ರ ಮುಂದೆ ನಿನ್ ಬಿಯೆಸ್ಸಿ ಹಾಳಾಗ್ತಿತ್ತಲ್ಲ. ಅದ್ನೂ ನಾನೇ ದುಡ್ದಿದ್ದು ಕಣ್ಲಾ.”