ಅಡಿಗೆಮನೆಯ ಜೋಶಿ ತುಂಗಕ್ಕ

ಗಜೇಂದ್ರಗಡದ ಜೋಶಿಯರ ಮನೆಯಲ್ಲಿ ಗ್ರಹಗಳ ಲೆಕ್ಕ ಅಡಿಗೆಮನೆಯಲ್ಲಿ ಆಗುತ್ತಿತ್ತು, ಫಲ ಪಡಸಾಲೆಯಲ್ಲಿ. ಪಡಸಾಲೆಯಲ್ಲಿ ಕೂತು ಫಲ ಹೇಳುವವರು ವಾಮನಭಟ್ಟರು. ಬಾಗಿಲ ಹಿಂದೆ ಹಲಗೆಯ ಮೇಲೆ ಬೂದಿ ಹರಡಿ, ಬೆರಳಿನಿಂದ ಗುಣಿಸಿ ಭಾಗಿಸುತ್ತಿದ್ದವರು ಅವರ ತೀರಿಹೋದ ತಮ್ಮನ ಹೆಂಡತಿ ತುಂಗಕ್ಕ. ಬೋಳಿಸಿದ ತಲೆ, ಅದರ ಮೇಲೆ ಕೆಂಪು ಸೆರಗು, ಮೊಳಕೈವರೆಗೆ ಬೂದಿ. ವಿಧವೆಯ ಮುಖ ಕಂಡರೆ ಕೆಲಸ ಕೆಡುತ್ತದೆ ಎನ್ನುವವರೆಲ್ಲ ಆಕೆಯ ಲೆಕ್ಕವನ್ನೇ ಬರೆಸಿಕೊಂಡು ಹೋಗುತ್ತಿದ್ದರು. ನಾವು ನೇಕಾರರು, ಅವರ ಎದುರು ಮನೆಯವರು. ನಮಗೆ ಇದು ಗೊತ್ತಿತ್ತು.

ಒಮ್ಮೆ ಅಬ್ಬಿಗೇರಿಯ ಗೌಡರೊಬ್ಬರು ತಮ್ಮ ಜಾತಕದಲ್ಲಿ ಗುರು-ಶುಕ್ರರು ಕೂಡಿದ್ದಾರೆ, ಐಶ್ವರ್ಯ ಯಾವಾಗ ಬರುತ್ತದೆ ಎಂದು ಕೇಳಲು ಬಂದಿದ್ದರು. ಭಟ್ಟರು ಶ್ಲೋಕದ ಮೇಲೆ ಶ್ಲೋಕ ಹೇಳಿದರು. ಒಳಗಿನಿಂದ ದನಿ ಬಂತು: “ಕೂಡ್ಯಾರ ಖರೇ. ಆದ್ರ ಇವರ ಹೊಲಾ ಹರಗಾಕ ಅವರಿಬ್ಬರೂ ಬರೂದಿಲ್ಲ ಅಂತ ಹೇಳ್ರಿ ಭಾವಾರ.” ಗೌಡರು ನಕ್ಕರು. ಭಟ್ಟರು ನಗಲಿಲ್ಲ.

ಇದು ನರಗುಂದದ ಗಲಾಟೆಗೆ ಮೊದಲಿನ ಮಾತು. ಅಲ್ಲಿಯ ಅರಸರಿಗೆ ದತ್ತಕ ತೆಗೆದುಕೊಳ್ಳಲು ಕಂಪನಿ ಸರಕಾರ ಒಪ್ಪುತ್ತಿಲ್ಲವೆಂದು ಆ ಕಡೆಯಿಂದ ಬಂದವರೆಲ್ಲ ಹೇಳುತ್ತಿದ್ದರು. ನೂಲಿನ ವ್ಯಾಪಾರಿ ಈರಪ್ಪ ಸಾವಕಾರರಿಗೆ ಅಂಥ ಅಡ್ಡಿ ಇರಲಿಲ್ಲ. ಅವರು ನಮ್ಮ ಜಾತಿಯವರು, ಮಕ್ಕಳಿಲ್ಲದವರು. ನಮ್ಮ ಮಗ್ಗಕ್ಕೆ ನೂಲು ಅವರಿಂದಲೇ ಬರಬೇಕು. ನನಗೆ ಎರಡನೆಯ ಮಗ ಹುಟ್ಟಿದಾಗ ಜಾತಕದಲ್ಲಿ ಗುರು-ಚಂದ್ರರು ಮೀನದಲ್ಲಿ ಕೂಡಿದ್ದರು, ಕುಂಭ ಲಗ್ನಕ್ಕೆ ಅದು ಎರಡನೆಯ ಮನೆ, ಧನದ ಮನೆ. ಈ ಕೂಸು ಇದ್ದ ಮನೆಗೆ ಸಂಪತ್ತು ಹರಿದು ಬರುತ್ತದೆ ಎಂದರು ಭಟ್ಟರು. ಸಾವಕಾರರು ಕೂಸನ್ನು ದತ್ತಕ ಕೇಳಿದರು. ನನ್ನ ಅಪ್ಪ ಮಾತು ಕೊಟ್ಟ. ನನ್ನ ಹೆಂಡತಿ ಗಂಗವ್ವ ಅಂದಿನಿಂದ ಕೂಸನ್ನು ಕೆಳಗೆ ಇಳಿಸಲಿಲ್ಲ.

ನಮ್ಮ ಓಣಿಯ ಪದ್ಧತಿಯೊಂದನ್ನು ಇಲ್ಲಿ ಹೇಳಬೇಕು. ಜೋಶಿಯರ ಮನೆಯಲ್ಲಿ, ತಳಕ್ಕೆ ಸಣ್ಣ ತೂತಿದ್ದ ತಾಮ್ರದ ಬಟ್ಟಲೊಂದನ್ನು ಸೂರ್ಯ ಹುಟ್ಟಿದೊಡನೆ ನೀರಿನಲ್ಲಿ ತೇಲಿಬಿಡುತ್ತಿದ್ದರು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ. ಗೋಡೆಗೆ ಸುಣ್ಣದ ಒಂದು ಗೀಟು. ಕೂಸು ಹುಟ್ಟಿದೊಡನೆ ಮನೆಯವರು ಓಡಿಹೋಗಿ ಗೀಟು ಎಣಿಸಬೇಕು. ಆ ದಿನ ಓಡಿದವನು ನಾನು. ಮನೆಗೆ ಮರಳುತ್ತಿದ್ದ ಎಮ್ಮೆಗಳು ಓಣಿ ತುಂಬಿದ್ದವು. ಅವುಗಳ ನಡುವೆ ನುಗ್ಗಿ ಹೋಗಿ ಎಣಿಸಿದೆ: ಇಪ್ಪತ್ತೆರಡು.

ತಿಂಗಳು ತುಂಬಿದ ಮೇಲೆ ಭಟ್ಟರ ಪಡಸಾಲೆಯಲ್ಲಿ ಹಿರಿಯರು ಸೇರಿದರು. ಸಾವಕಾರರು ಕೂಸಿಗೆ ಬಂಗಾರದ ಉಡದಾರ ತಂದಿದ್ದರು. ಭಟ್ಟರು ಜಾತಕ ಬಿಚ್ಚುವಷ್ಟರಲ್ಲಿ ಒಳಬಾಗಿಲು ದಾಟಿ ತುಂಗಕ್ಕ ಹೊರಗೆ ಬಂದರು, ಕೈಯಲ್ಲಿ ಬಟ್ಟಲು. ಶುಭಕಾರ್ಯಕ್ಕೆ ಕೂತವರು ಮುಖ ತಿರುಗಿಸಿಕೊಂಡರು.

“ತುಂಗಾ, ಒಳಗ ನಡೀ,” ಎಂದರು ಭಟ್ಟರು.

“ನಡೀತೀನಿ, ಇದನ್ನ ಹೇಳಿ. ಬಟ್ಟಲದ ತೂತಿಗೆ ಕಿಟ್ಟ ಕಟ್ಟ್ಯದ. ನಿನ್ನೆ ಹಗಲೆಲ್ಲಾ ಕೂತು ಎಣಿಸೀನಿ. ಹೊತ್ತು ಮುಣುಗೂತನಕಾ ಇಪ್ಪತ್ಮೂರ ಗೀಟು ಬಿದ್ದಾವ. ಇಪ್ಪತ್ತೆಂಟರ ಮ್ಯಾಲೆ ಬೀಳಬೇಕಾಗಿತ್ತು. ಕೂಸು ಹುಟ್ಟಿದಾಗ ಗೀಟು ಇಪ್ಪತ್ತೆರಡು, ಗಳಿಗಿ ಇಪ್ಪತ್ತೇಳ ದಾಟ್ಯಾವ. ಲಗ್ನ ಕುಂಭ ಅಲ್ಲ, ಮೇಷ. ಬಟ್ಟಲಾ ನೋಡದ ಲೆಕ್ಕಾ ಮಾಡಿದಾಕಿ ನಾನು, ತಪ್ಪು ನಂದೂ ಅದ.”

ಸಾವಕಾರರು ನಕ್ಕರು. “ನಿಮ್ಮ ಮಾತಿಗೆ ಗುರು ಮನಿ ಬದ್ಲ ಮಾಡಿದ್ನೇನ್ರಿ?”

“ಗುರು ಎಲ್ಲೂ ಹೋಗಿಲ್ಲರಿ. ಚಂದ್ರನ ಕೂಡ ಮೀನದಾಗ ಆರಾಮ ಕೂತಾನ. ಮನಿ ಎಣಿಸೂದು ನಾವು ತಪ್ಪೀವಿ. ಅದು ಎರಡನೇದಲ್ಲ, ಹನ್ನೆರಡನೇದು. ಗಂಟು ಕಟ್ಟೂ ಮನಿ ಅಲ್ಲ, ಬಿಚ್ಚೂ ಮನಿ.”

ಧನಯೋಗದ ಮಗ ಬರುತ್ತಾನೆಂದು ಸಾವಕಾರರು ರೋಣದ ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ದನಿ ಇಳಿಸಿ ಹೇಳಿದರು: “ಭಟ್ಟರಿಗೆ ಬೆಳ್ಳಿ ಬಟ್ಟಲಾ ಮಾಡಿಸಿಕೊಡ್ತೀನಿ. ಇಪ್ಪತ್ತೆರಡ ಇರ್ಲಿ ಬಿಡ್ರಿ.”

“ಬೆಳ್ಳಿ ಬಟ್ಟಲಕ್ಕೂ ತೂತ ಬೇಕಲ್ಲರಿ ಸಾವಕಾರ್ರ?” ತುಂಗಕ್ಕ ಎಲ್ಲರ ಕಡೆ ತಿರುಗಿದರು. “ಬಟ್ಟಲಾ ಬಿಡ್ರಿ. ಎಮ್ಮಿ ಮನಿಗೆ ಬರೂ ಹೊತ್ತಿಗೆ ಹುಟ್ಟಿದ ಕೂಸಿದು. ಇಪ್ಪತ್ತೆರಡ ಗಳಿಗಿಗೆ ಎಮ್ಮಿ ಇನ್ನಾ ಅಡವ್ಯಾಗ ಮೇಯ್ತಿರ್ತಾವ. ಓಣಿಗೆಲ್ಲಾ ಗೊತ್ತದ. ಯಾರರೆ ಒಬ್ಬರು ಹೌದನ್ನರಿ.”

ಯಾರೂ ಅನ್ನಲಿಲ್ಲ. ಅಪ್ಪ ನೆಲ ನೋಡಿದ. ನಾನು ಅಪ್ಪನನ್ನು ನೋಡಿದೆ.

ಹೊರಗಿನ ಮೆಟ್ಟಿಲ ಹತ್ತಿರದಿಂದ ಗಂಗವ್ವನ ದನಿ ಬಂತು. “ಹೌದ್ರಿ. ಹಡಿಯೂ ಮುಂದ ಎಮ್ಮಿ ಕೊರಳ ಗಂಟಿ ಕೇಳಾಕ್ಹತ್ತಿತ್ತು.”

ಸಾವಕಾರರು ಉಡದಾರವನ್ನು ಸೊಂಟದ ಚೀಲಕ್ಕೆ ಸೇರಿಸಿ ಎದ್ದರು. “ಖರ್ಚಿನ ಕೂಸು ನಿಮಗ ಇರ್ಲಿ. ನೂಲೂ ನೀವ ಹುಡುಕ್ಕೊಳ್ರಿ.”

ತುಂಗಕ್ಕ ನನ್ನ ಅಪ್ಪನಿಗೆ ಹೇಳಿದ್ದು ಇಷ್ಟು: “ಹನ್ನೆರಡರಾಗಿನ ಗುರು ಕೆಟ್ಟಾಂವಲ್ಲ. ಇಂವಾ ಗಳಿಸಿದ್ದು ಮಂದಿ ಹೊಟ್ಟಿಗೆ ಹೋಗ್ತದ, ಅಷ್ಟ. ಅದೂ ಬ್ಯಾಡಂದ್ರ ಈಗ ಹೇಳ್ರಿ.” ಅಪ್ಪ ಎದ್ದುಹೋಗಿ ಗಂಗವ್ವನ ಕೈಯಿಂದ ಮೊಮ್ಮಗನನ್ನು ಎತ್ತಿಕೊಂಡ.

ಆ ವಾರವೇ ಭಟ್ಟರು ತಮ್ಮನ ಹೆಂಡತಿಯನ್ನು ಮೆಣಸಗಿಗೆ, ಆಕೆಯ ಅಣ್ಣನ ಮನೆಗೆ ಕಳಿಸಿದರು. ಬಟ್ಟಲಿಗೆ ತಪ್ಪು ಹೊರಿಸಿದವರು ಜೋಶಿಯರ ಮನೆಯಲ್ಲಿರಬಾರದು ಎಂಬುದು ಅವರ ಮಾತು. ಬೂದಿಹಲಗೆಯನ್ನೂ ಒಯ್ಯಗೊಡಲಿಲ್ಲ. ಚಕ್ಕಡಿ ಹೊರಡುವಾಗ ತುಂಗಕ್ಕ ಸೆರಗು ಮುಂದೆ ಎಳೆದುಕೊಳ್ಳದೆ, ಕಟ್ಟೆಗಳ ಮೇಲೆ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ಕೂತಿದ್ದರು. ನಾನು ಹತ್ತಿರ ಹೋಗಿ ಕೈ ಮುಗಿದೆ.

“ಎಮ್ಮಿ ದಾಟಿ ಬಂದಾಂವ ನೀನು,” ಎಂದರು. “ಹೆಣ್ತಿ ಬಾಯಿ ಬಿಟ್ಟಳು. ನೀ ಯಾಕ ಬಿಡಲಿಲ್ಲೋ?”

ನಾನು ಮುಗಿದ ಕೈ ಇಳಿಸಿ ಪಕ್ಕಕ್ಕೆ ಸರಿದೆ. ಚಕ್ಕಡಿ ಹೋಯಿತು.

ರೋಣದ ಸಂತೆಯಿಂದ ನೂಲು ಹೊತ್ತು ತಂದು ಮಗ್ಗ ನಡೆಸಿದೆವು. ಮುಂದೆ ನಾನು ಧಾರವಾಡಕ್ಕೆ ಹೋಗಿ ಪತ್ರಿಕೆಗೆ ಸುದ್ದಿ ಬರೆಯುವ ಕೆಲಸ ಹಿಡಿದೆ. ಕಂಡದ್ದನ್ನು ಕಂಡಂತೆ ಬರೆಯುತ್ತೇನೆಂದು ಮಂದಿ ಹೇಳುತ್ತಾರೆ. ಒಂದು ಬೇಸಗೆಯಲ್ಲಿ ಮಗನನ್ನು ಕರೆದುಕೊಂಡು ಮೆಣಸಗಿಗೆ ಹೋದೆ. ತುಂಗಕ್ಕ ತೀರಿಕೊಂಡು ಎರಡು ತಿಂಗಳಾಗಿತ್ತು. ಸಾವಕಾರರ ನೂಲು ನಿಂತೀತೆಂದು ಹೆದರಿ ಅಂದು ಬಾಯಿ ಬಿಡಲಿಲ್ಲ ಎಂಬ ಉತ್ತರವನ್ನು ಅವರ ಅಣ್ಣನಿಗೆ ಹೇಳಿ ಬಂದೆ. ಆತನಿಗೆ ಅದು ಯಾವ ಪ್ರಶ್ನೆಗೆ ಎಂದು ತಿಳಿಯಲಿಲ್ಲ.